ನಾತಾಳದ ಮರ, ಬನಶಂಕರಿಯ ದೀಪಮಾಲೆ

ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ಒಂದು ಮಾತು ಕೇಳಿ ನೋಡಿ: "ನೀವು ಶಾಲೆಗೆ ಹೋಗುವಾಗ ಡಿಸೆಂಬರ್ ಕೊನೆಗೆ ಯಾವ ಸೂಟಿ ಇರುತ್ತಿತ್ತು?" ಧಾರವಾಡ, ಗದಗ, ಬಾಗಲಕೋಟೆ, ಬೆಳಗಾವಿ ಕಡೆಯವರಾದರೆ ಉತ್ತರ ಬಹುಮಟ್ಟಿಗೆ ಒಂದೇ: "ನಾತಾಳ ಸೂಟಿ." ಇಗರ್ಜಿಯ ಬಾಗಿಲನ್ನು ಎಂದೂ ಕಂಡಿರದ ಹುಡುಗನೂ ಈ ಶಬ್ದವನ್ನು ಬಲ್ಲವನಾಗಿದ್ದ. ದೀಪಾವಳಿ ಸೂಟಿ, ನಾತಾಳ ಸೂಟಿ, ಬೇಸಗೆ ಸೂಟಿ, ಇವು ಅವನ ವರ್ಷದ ಮೂರು ಗಡಿಗಲ್ಲುಗಳು.

ಈ 'ನಾತಾಳ' ಎಲ್ಲಿಯದು? ಹುಟ್ಟಿಗೆ ಸಂಬಂಧಪಟ್ಟ ಒಂದು ಲ್ಯಾಟಿನ್ ಶಬ್ದ ಪೋರ್ತುಗೀಜರ ಬಾಯಲ್ಲಿ 'ನಾತಾಲ್' ಆಯಿತು. 1510ರಲ್ಲಿ ಅವರು ಗೋವೆಯನ್ನು ಹಿಡಿದ ಮೇಲೆ ಅದು ಕೊಂಕಣಿಗರ ಮಾತಿಗೆ ಸೇರಿತು, ಮರಾಠಿಗೂ ಬಂತು. 1956ರ ನವೆಂಬರ್ 1ರವರೆಗೆ ಮುಂಬಯಿಯ ಆಡಳಿತಕ್ಕೆ ಸೇರಿದ್ದ ನಮ್ಮ ಜಿಲ್ಲೆಗಳ ಶಾಲೆಗಳಿಗೆ ಮರಾಠಿಯ ದಾರಿ ಹಿಡಿದು ಬಂದು, ಕನ್ನಡ ಮಕ್ಕಳ ನಾಲಗೆಯ ಮೇಲೆ ಕುಳಿತಿತು. ರಾಜ್ಯ ಬದಲಾಯಿತು, ಪಠ್ಯಪುಸ್ತಕ ಬದಲಾಯಿತು. ಹಿರಿಯರ ಮಾತಿನಲ್ಲಿ ಸೂಟಿಯ ಹೆಸರು ಮಾತ್ರ ಉಳಿದುಕೊಂಡಿತು.

ಶಬ್ದ ಹೀಗೆ ಗೋವೆಯ ದಾರಿಯಿಂದ ಬಂತು. ಆದರೆ ಕ್ರಿಸ್ಮಸ್ ಎಂದೊಡನೆ ಇಂದು ನಮ್ಮ ಕಣ್ಣಿಗೆ ಕಟ್ಟುವ ದೀಪದ ಮರ ಬೇರೊಂದು ದಾರಿಯಿಂದ ಬಂತು. ಅದು ಮಂಗಳೂರಿನಲ್ಲಿ ಹಡಗಿನಿಂದಿಳಿದು, ಘಟ್ಟ ಹತ್ತಿ, ಧಾರವಾಡ ಹುಬ್ಬಳ್ಳಿಗಳನ್ನು ಹಾಯ್ದು, ಗದುಗಿನ ಬೆಟಗೇರಿಗೂ ಬಾದಾಮಿಯ ಮಗ್ಗುಲಿನ ಗುಳೇದಗುಡ್ಡಕ್ಕೂ ಬಂದ ಕಥೆ. ಆ ಕಥೆಯನ್ನು ಈ ತಿಂಗಳು ನಿಮ್ಮ ಮುಂದೆ ಹೇಳಬೇಕೆಂದಿದ್ದೇನೆ. ಹೇಳುವಾಗ ನಮ್ಮದೇ ಇನ್ನೊಂದು ದೀಪದ ಮರವನ್ನೂ, ಅದರ ಕೆಳಗೆ ಸೇರುವ ದೊಡ್ಡ ಪೇಟೆಯನ್ನೂ ನೆನೆಯದೆ ಗತಿಯಿಲ್ಲ.

ಕಾಲವನ್ನು ಮೊದಲು ನೋಡೋಣ. ಡಿಸೆಂಬರ್ ಮುಗಿಯುವ ಹೊತ್ತಿಗೆ ರೋಣ ತಾಲೂಕಿನ ಬೆಳವಣಕಿಯ ಸುತ್ತಿನ ಎರೆಹೊಲಗಳಲ್ಲಿ ಹಿಂಗಾರಿ ಜೋಳ ತೆನೆ ಹಿಡಿಯುತ್ತಿರುತ್ತದೆ, ಕಡಲೆ ಕಾಯಿ ಕಟ್ಟುತ್ತಿರುತ್ತದೆ. ಬೆಳಗಿನ ಹೊತ್ತು ಮಂಜು ಇಳಿದು ಹೊಲದ ಬದು ಕಾಣುವುದಿಲ್ಲ. ಎಳ್ಳ ಅಮಾವಾಸ್ಯೆಗೆ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಬದನೆಕಾಯಿ ಪಲ್ಯ ಉಂಡು, ಭೂಮಿತಾಯಿಗೆ ಚರಗ ಚೆಲ್ಲಿ ಬರುತ್ತಾರೆ. ಅಲ್ಲಿಂದ ಹದಿನೈದು ದಿನಕ್ಕೆ ಬನದ ಹುಣ್ಣಿಮೆ. ಹಗಲು ಗಿಡ್ಡಾಗಿ, ರಾತ್ರಿ ಉದ್ದವಾಗಿ, ಮತ್ತೆ ಹಗಲು ಬೆಳೆಯಲು ತೊಡಗುವ ದಿನಗಳಿವು. ಉತ್ತರಕ್ಕೆ ಹೋದಂತೆ ಈ ಕತ್ತಲೆ ಇನ್ನೂ ಗಾಢವಾಗುತ್ತದೆ. ಕ್ರಿಸ್ತನ ಜನನವನ್ನು ಡಿಸೆಂಬರ್ 25ರಂದು ಆಚರಿಸಿದ್ದಕ್ಕೆ ರೋಮ್ ನಗರದಲ್ಲಿ ಸಿಕ್ಕುವ ಹಳೆಯ ದಾಖಲೆ 336ನೆಯ ಇಸವಿಯದು. ಚಳಿಗಾಲದ ಆಳದಲ್ಲಿ ದೀಪ ಹಚ್ಚಿ ಕೂಡಿ ಉಣ್ಣಬೇಕೆಂಬ ಆಸೆ ಯಾವುದೋ ಒಂದು ದೇಶದ ಸೊತ್ತಲ್ಲ.

ಮರಕ್ಕಿಂತ ಮೊದಲು ಹುಟ್ಟಿದ್ದು ಪೇಟೆ. ಜರ್ಮನಿಯ ಡ್ರೆಸ್ಡೆನ್ ಪಟ್ಟಣದಲ್ಲಿ 1434ರಲ್ಲಿ ಅಲ್ಲಿಯ ಅರಸನು ಕ್ರಿಸ್ಮಸ್ಸಿನ ಮುನ್ನ ಒಂದು ದಿನದ ಮಾಂಸದ ಸಂತೆಗೆ ಅಪ್ಪಣೆ ಕೊಟ್ಟ. ಹಬ್ಬಕ್ಕೆ ಮುಂಚಿನ ವಾರಗಳು ಅಲ್ಲಿ ಉಪವಾಸದ ದಿನಗಳು. ಉಪವಾಸ ಬಿಡುವ ದಿನ ಜನಕ್ಕೆ ಊಟದ ಸಾಮಾನು ಸಿಗಲಿ ಎಂಬುದು ಆ ಅಪ್ಪಣೆಯ ಉದ್ದೇಶ. ಇಂದು ಲೋಕಪ್ರಸಿದ್ಧವಾದ ಡ್ರೆಸ್ಡೆನ್ ಕ್ರಿಸ್ಮಸ್ ಪೇಟೆಯ ಮೂಲ ಇಷ್ಟು ಸಾದಾ. ಕ್ರಮೇಣ ಮಾಂಸದ ಪಕ್ಕದಲ್ಲಿ ಹಬ್ಬದ ರೊಟ್ಟಿ, ರೊಟ್ಟಿಯ ಪಕ್ಕದಲ್ಲಿ ಕಟ್ಟಿಗೆಯ ಆಟಿಗೆ, ಆಟಿಗೆಯ ಪಕ್ಕದಲ್ಲಿ ಮೇಣದ ಬತ್ತಿ ಬಂದು ಕುಳಿತವು.

ಸ್ಟ್ರಾಸ್‌ಬರ್ಗ್ ಪಟ್ಟಣದ ಸಂಗತಿ ಇನ್ನೂ ಸ್ವಾರಸ್ಯವುಳ್ಳದ್ದು. ಅಲ್ಲಿ ಮೊದಲು ಸಂತ ನಿಕೊಲಾಸನ ಹೆಸರಿನಲ್ಲಿ ಡಿಸೆಂಬರ್ ಮೊದಲ ವಾರದಲ್ಲಿ ಸಂತೆ ನೆರೆಯುತ್ತಿತ್ತು. ಲೂಥರನ ಸುಧಾರಣೆಯ ಮತ ಅಲ್ಲಿ ಬೇರೂರಿದ ಮೇಲೆ ಸಂತರ ಪೂಜೆ ಸಲ್ಲದೆಂದು ಪಾದ್ರಿಗಳು ಆಕ್ಷೇಪಿಸಿದರು. ಆದರೆ ಸಂತೆಯನ್ನೇ ನಿಲ್ಲಿಸಿದರೆ ವ್ಯಾಪಾರಿಗಳ ಹೊಟ್ಟೆಯ ಮೇಲೆ ಹೊಡೆದಂತೆ. ಕೊನೆಗೆ 1570ರಲ್ಲಿ ಸಂತೆಯ ದಿನವನ್ನೂ ಹೆಸರನ್ನೂ ಬದಲಿಸಿ, ಕ್ರಿಸ್ತಶಿಶುವಿನ ಸಂತೆ ಎಂದು ಕರೆದರು. ಅಂಗಡಿಕಾರರು ಅವರೇ, ಕೊಳ್ಳುವವರೂ ಅವರೇ. ದೇವರ ಹೆಸರು ಬದಲಾದರೂ ಸಂತೆ ಕೂಡುವ ಜಾಗ ಬದಲಾಗದಿರುವುದನ್ನು ನಮ್ಮ ಜಾತ್ರೆಗಳ ಚರಿತ್ರೆಯಲ್ಲಿಯೂ ನೀವು ಕಂಡಿರಬಹುದು.

ಮರದ ಸುದ್ದಿಗೆ ಬರೋಣ. ಸ್ವಿಟ್ಸರ್ಲೆಂಡಿನ ಬಾಸೆಲ್ ಪಟ್ಟಣದಲ್ಲಿ 1597ರಲ್ಲಿ ಸಿಂಪಿಗರ ಕೈಕೆಳಗೆ ದುಡಿಯುತ್ತಿದ್ದ ಆಳುಗಳು ಸೇಬುಹಣ್ಣು, ಗಿಣ್ಣು ಕಟ್ಟಿದ ಹಸಿರು ಮರವೊಂದನ್ನು ಹೊತ್ತುಕೊಂಡು ತಿರುಗಾಡಿದ ದಾಖಲೆ ಇದೆ. 1605ರ ಒಂದು ಬರಹದಲ್ಲಿ, ಸ್ಟ್ರಾಸ್‌ಬರ್ಗಿನ ಜನ ಮನೆಯ ಪಡಸಾಲೆಯಲ್ಲಿ ಫರ್ ಮರವನ್ನು ನಿಲ್ಲಿಸಿ, ಬಣ್ಣದ ಕಾಗದದ ಗುಲಾಬಿ, ಸೇಬು, ಸಕ್ಕರೆಯ ತಿನಿಸು ತೂಗುಬಿಡುತ್ತಾರೆಂದು ಹೇಳಿದೆ. ಗಮನಿಸಿ, ಅದರ ಮೇಲೆ ದೀಪವಿಲ್ಲ. ಮೇಣದ ಬತ್ತಿಗಳು ಬಂದದ್ದು ಅನಂತರ. ಆ ಶತಮಾನದ ನಡುವೆ ಅದೇ ಊರಿನ ಡಾನ್‌ಹಾವರ್ ಎಂಬ ಉಪದೇಶಕನು ಈ ಮರದ ಆಟವನ್ನು ಹುರುಳಿಲ್ಲದ್ದೆಂದು ಟೀಕಿಸಿದ್ದಾನೆ. ಧರ್ಮಗ್ರಂಥದಲ್ಲಿ ಈ ಮರಕ್ಕೆ ಆಧಾರವಿರಲಿಲ್ಲ. ಕೂಲಿಯಾಳುಗಳೂ ಗೃಹಿಣಿಯರೂ ಮಕ್ಕಳೂ ಅದನ್ನು ಉಳಿಸಿಕೊಂಡು ಬಂದರು. ಇಂಗ್ಲೆಂಡಿನ ಸಾಮಾನ್ಯ ಜನಕ್ಕೆ ಅದು ಪರಿಚಯವಾದದ್ದು ಬಹಳ ತಡವಾಗಿ. 1848ರಲ್ಲಿ ವಿಕ್ಟೋರಿಯಾ ರಾಣಿಯೂ ಅವಳ ಜರ್ಮನ್ ಗಂಡ ಆಲ್ಬರ್ಟನೂ ಮಕ್ಕಳೊಡನೆ ಮರದ ಸುತ್ತ ನಿಂತ ಚಿತ್ರ ಲಂಡನ್ನಿನ ಪತ್ರಿಕೆಯಲ್ಲಿ ಅಚ್ಚಾದ ಮೇಲೆ ಅಲ್ಲಿ ಮನೆಮನೆಗೂ ಹಬ್ಬಿತು.

ಈ ಇಸವಿಯನ್ನು ನೆನಪಿನಲ್ಲಿಡಿ. ಏಕೆಂದರೆ ಆ ಹೊತ್ತಿಗೆ ಜರ್ಮನ್ ಮಾತಾಡುವ ಪಾದ್ರಿಗಳು ಬೆಟಗೇರಿಗೆ ಬಂದು ಏಳು ವರ್ಷಗಳಾಗಿದ್ದವು.

ಬಾಸೆಲ್ ಮಿಶನ್ ಸಂಸ್ಥೆ ಸ್ಥಾಪನೆಯಾದದ್ದು 1815ರಲ್ಲಿ. ಸಂಸ್ಥೆ ಸ್ವಿಟ್ಸರ್ಲೆಂಡಿನದಾದರೂ ಅದರ ಪಾದ್ರಿಗಳಲ್ಲಿ ಬಹುಮಂದಿ ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯವರು. ರೈತರ, ಕುಶಲಕರ್ಮಿಗಳ ಮನೆಗಳ ಮಕ್ಕಳು. 1833ರ ಸನದಿನ ಪ್ರಕಾರ ಬ್ರಿಟಿಷರಲ್ಲದ ಮಿಶನ್ನುಗಳಿಗೂ ಕಂಪನಿ ಸರಕಾರದ ಸೀಮೆಯಲ್ಲಿ ಕೆಲಸ ಮಾಡಲು ದಾರಿಯಾಯಿತು. ಮರುವರ್ಷ, 1834ರ ಅಕ್ಟೋಬರಿನಲ್ಲಿ, ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಗೆ ಬಂದಿಳಿದು ಮಂಗಳೂರಿನಲ್ಲಿ ನೆಲೆ ನಿಂತರು. 1836ರಲ್ಲಿ ಹರ್ಮನ್ ಮೋಗ್ಲಿಂಗ್ ಬಂದ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರು ಸಮಾಚಾರ'ವನ್ನು ಹೊರತಂದವನು ಅವನೇ ಎಂಬುದನ್ನು ನೀವು ಬಲ್ಲಿರಿ. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ, ಹೀಗೆ ಮಿಶನ್ನಿನ ಠಾಣ್ಯಗಳು ಬಯಲುಸೀಮೆಯಲ್ಲಿ ಒಂದೊಂದಾಗಿ ತೆರೆದವು. ಗದುಗಿನ ಬಳಿಯ ಮಲ್ಲಸಮುದ್ರದಲ್ಲಿ ಹೊಸ ವಿಶ್ವಾಸಿಗಳಿಗಾಗಿ ಬೇಸಾಯದ ವಸತಿಯನ್ನೂ ಕಟ್ಟಿದರು. ಆದರೆ ನಿರೀಕ್ಷಿಸಿದಷ್ಟು ಜನ ಬರಲಿಲ್ಲ.

ಈ ಊರುಗಳ ಹೆಸರು ಕೇಳಿದೊಡನೆ ನಿಮಗೆ ಮಗ್ಗದ ಸಪ್ಪಳ ನೆನಪಾಗಬೇಕು. ಬೆಟಗೇರಿ ನೇಕಾರರ ಊರು. ಗುಳೇದಗುಡ್ಡ ಖಣದ ಊರು. ಅಲ್ಲಿಯ ಖಣದ ಕುಪ್ಪಸವಿಲ್ಲದೆ ನಮ್ಮ ಕಡೆಯ ಹೆಣ್ಣುಮಕ್ಕಳ ಉಡಿ ತುಂಬುವ ಶಾಸ್ತ್ರವೇ ನಡೆಯದು. ಬಾಸೆಲ್ಲಿನಲ್ಲಿ ಮರ ಹೊತ್ತು ತಿರುಗಿದವರು ಸಿಂಪಿಗರ ಆಳುಗಳು. ಅದೇ ಬಾಸೆಲ್ಲಿನ ಹೆಸರು ಹೊತ್ತ ಮಿಶನ್ನು ಇಲ್ಲಿ ಬಂದು ನಿಂತದ್ದು ನೇಕಾರರ ಓಣಿಯಲ್ಲಿ. ಯಾರೂ ಯೋಚಿಸಿ ಕೂಡಿಸಿದ್ದಲ್ಲ. ಚರಿತ್ರೆಯಲ್ಲಿ ಇಂಥವು ಕೂಡಿಬರುತ್ತವೆ.

ಜರ್ಮನ್ ಮನೆಯಲ್ಲಿ ಬೆಳೆದವನಿಗೆ ಮರವಿಲ್ಲದ ಕ್ರಿಸ್ಮಸ್ ಹೋಳಿಗೆಯಿಲ್ಲದ ಹೋಳಿಹುಣ್ಣಿಮೆಯಂತೆ. ಮಿಶನ್ ಬಂಗಲೆಯಲ್ಲಿ, ಶಾಲೆಯಲ್ಲಿ, ಪ್ರಾರ್ಥನಾಲಯದಲ್ಲಿ ಮರ ನಿಲ್ಲಬೇಕು. ಮಕ್ಕಳಿಗೆ ಕಾಣಿಕೆ ಸಿಗಬೇಕು. ಆದರೆ ಎರೆಭೂಮಿಯಲ್ಲಿ ಫರ್ ಮರ ಎಲ್ಲಿಂದ ತರುವುದು? ಕರ್ನಾಟಕದ ಕ್ರೈಸ್ತರು ಅದರ ಸ್ಥಾನದಲ್ಲಿ ನಿಲ್ಲಿಸಿಕೊಂಡು ಬಂದದ್ದು ಹೆಚ್ಚಾಗಿ ಸರ್ವೆಯ ಕೊಂಬೆಯನ್ನು. ಕೆಲವರು ಇದನ್ನು ಗಾಳಿಮರ ಎನ್ನುತ್ತಾರೆ. ಸೂಜಿಯಂಥ ಎಲೆ, ಗೋಪುರದಂಥ ಆಕಾರ, ಗಾಳಿ ಬೀಸಿದರೆ ಕಡಲಿನಂತೆ ಮೊರೆತ. ವಿನೋದವೆಂದರೆ, ಸರ್ವೆಯೂ ನಮ್ಮ ನೆಲದ್ದಲ್ಲ. ಆಗ್ನೇಯ ಏಶಿಯ, ಆಸ್ಟ್ರೇಲಿಯದ ಕಡೆಯ ಈ ಮರವನ್ನು ಉರವಲಿಗಾಗಿಯೂ ಉಸುಕು ತಡೆಯುವುದಕ್ಕಾಗಿಯೂ ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಕಾರವಾರದ ದಂಡೆಯಲ್ಲಿ ದೊಡ್ಡ ಪ್ರಮಾಣದಲ್ಲಿ ನೆಟ್ಟರು. ಒಬ್ಬ ಪರದೇಶಿಯ ಬದಲಿಗೆ ಇನ್ನೊಬ್ಬ ಪರದೇಶಿ ನಿಂತು, ಇಬ್ಬರೂ ಇಲ್ಲಿಯವರಾದರು. ಮೆಣಸಿನಕಾಯಿ, ಶೇಂಗಾ ಬಂದದ್ದೂ ಹೀಗೆಯೇ ಅಲ್ಲವೇ? ಎಳ್ಳ ಅಮಾವಾಸ್ಯೆಯ ಬುತ್ತಿಯಿಂದ ಅವೆರಡನ್ನೂ ತೆಗೆದುಹಾಕಿ ನೋಡಿ, ಏನು ಉಳಿಯುತ್ತದೆ?

ಹಬ್ಬದ ಮಾತೂ ಕನ್ನಡವಾಯಿತು. 1853ರಲ್ಲಿ ಬಂದ ಫರ್ಡಿನಾಂಡ್ ಕಿಟೆಲ್ ಮೊದಲಿಗೆ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿಯೇ ಜನರ ನಡುವೆ ತಿರುಗಾಡಿ ಕನ್ನಡ ಕಲಿತ. ಅವನ 1894ರ ನಿಘಂಟು ಎಲ್ಲರಿಗೂ ಗೊತ್ತು. ಅದಕ್ಕಿಂತ ಬಹಳ ಮೊದಲು, 1862ರಲ್ಲಿ, ಅವನು 'ಕಥಾಮಾಲೆ' ಎಂಬ ಕಾವ್ಯದಲ್ಲಿ ಯೇಸುವಿನ ಚರಿತೆಯನ್ನು ಕನ್ನಡದ ಛಂದಸ್ಸಿಗೆ ತಂದ. ಕುಮಾರವ್ಯಾಸನ ಗದುಗಿನಲ್ಲಿ ಪದ್ಯವನ್ನು ರಾಗ ಮಾಡಿ ಓದುವುದನ್ನು ಜನ ಬಲ್ಲರು. ಹೊಸ ಕಥೆಯನ್ನೂ ಹಳೆಯ ಧಾಟಿಯಲ್ಲಿ ಕೇಳಲಿ ಎಂಬುದು ಅವನ ವಿಚಾರವಾಗಿರಬೇಕು.

ಇಷ್ಟರವರೆಗೆ ಹೇಳಿದ್ದು ಸುಲಭದ ಭಾಗ. ಈಗ ಕಷ್ಟದ ಭಾಗಕ್ಕೆ ಬರಬೇಕು.

ಆ ಕಾಲದಲ್ಲಿ ಒಬ್ಬ ನೇಕಾರ ಮತ ಬದಲಿಸಿದರೆ ಅವನಿಗೆ ಏನಾಗುತ್ತಿತ್ತು? ಜಾತಿ ಹೋಗುತ್ತಿತ್ತು. ಜಾತಿಯೊಡನೆ ಊಟದ ಪಂಕ್ತಿ, ಹೆಣ್ಣು ಕೊಟ್ಟು ತರುವ ಮನೆಗಳು, ನೂಲು ಕೊಡುವ ಸಾವುಕಾರನ ನಂಬಿಕೆ, ಎಲ್ಲವೂ ಅಲುಗಾಡುತ್ತಿದ್ದವು. ಮತ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿ ತಪ್ಪಬಾರದೆಂದು 1850ರಲ್ಲಿ ಸರಕಾರ ಕಾಯಿದೆ ಮಾಡಿತು. ಅಂಥ ಕಾಯಿದೆ ಬೇಕಾಯಿತೆಂಬುದೇ ಆಗಿನ ಸ್ಥಿತಿಯನ್ನು ಹೇಳುತ್ತದೆ. ಕಾಯಿದೆ ಹೊಲದ ಪಾಲನ್ನು ಕೊಡಿಸಬಹುದು. ಬಾವಿಕಟ್ಟೆಯ ಮಾತನ್ನು ಕೊಡಿಸಲಾರದು. ಮಿಶನ್ನು ಮಂಗಳೂರು, ಕಣ್ಣೂರು ಮೊದಲಾದ ಕಡೆ ನೇಯ್ಗೆ, ಹೆಂಚಿನ ಕಾರ್ಖಾನೆಗಳನ್ನು ತೆರೆದದ್ದಕ್ಕೆ ಮುಖ್ಯ ಕಾರಣ ಇದೇ: ಕಸುಬು ಕಳೆದುಕೊಂಡವರಿಗೆ ಕೆಲಸ ಬೇಕಾಗಿತ್ತು.

ಮಿಶನ್ನಿನ ಮೇಲೆ ಆಕ್ಷೇಪಗಳೂ ಇದ್ದವು, ಇವೆ. ಪರದೇಶದಿಂದ ಬಂದು ನಮ್ಮ ದೇವರನ್ನು ಹಳಿದರೆಂಬ ನೋವು ಸುಳ್ಳಲ್ಲ. ಆ ಪಾದ್ರಿಗಳ ಬರಹಗಳಲ್ಲಿ ಅಂಥ ಮಾತುಗಳು ಬೇಕಾದಷ್ಟಿವೆ. ಅದನ್ನು ಮರೆಮಾಚುವುದು ಚರಿತ್ರೆಯಾಗದು. ಆದರೆ ಹಬ್ಬದ ಚರಿತ್ರೆಯನ್ನು ಪಾದ್ರಿಯ ಕಡೆಯಿಂದ ಮಾತ್ರ ನೋಡಿದರೆ ಸಾಲದು. ಮತಾಂತರಗೊಂಡ ಆ ನೇಕಾರನ ಮನೆಯ ಹುಡುಗಿಯ ಕಡೆಯಿಂದಲೂ ನೋಡಬೇಕು. ಅವಳಿಗೆ ತೇರಿಲ್ಲ, ಉಡಿ ತುಂಬುವವರಿಲ್ಲ, ಪಂಚಮಿಯ ಉಂಡಿಗೆ ಕರೆಯುವ ತವರಿಲ್ಲ. ವರ್ಷಕ್ಕೊಮ್ಮೆ, ಮಾಗಿಯ ಚಳಿಯ ಒಂದು ಸಂಜೆ, ಅವಳಿಗಾಗಿ ಒಂದು ಮರದ ಮೇಲೆ ದೀಪ ಹತ್ತುತ್ತದೆ. ಆ ಮರ ಜರ್ಮನಿಯದೋ ಅಲ್ಲವೋ ಎಂಬುದರಿಂದ ಅವಳಿಗೇನು?

ಅವಳ ಮನೆಯವರು ಬಿಟ್ಟುಬಂದ ಜಾತ್ರೆ ಎಂಥದೆಂಬುದನ್ನೂ ನೋಡೋಣ. ಗುಳೇದಗುಡ್ಡದಿಂದ ಹೆಚ್ಚು ದೂರವಿಲ್ಲದ ಬಾದಾಮಿಯ ಬಳಿ, ಚೊಳಚಗುಡ್ಡದ ಸರಹದ್ದಿನಲ್ಲಿ ಬನಶಂಕರಿಯ ಗುಡಿ. ಚಾಲುಕ್ಯರ ಕಾಲದ ಮೂಲ. ಈಗಿನ ಗುಡಿ 1750ರಲ್ಲಿ ಮರಾಠಾ ಸರದಾರ ಪರಶುರಾಮ ಅಗಳೆ ಕಟ್ಟಿಸಿದ್ದು. ದೇವಾಂಗ ನೇಕಾರರ ಎಷ್ಟೋ ಮನೆತನಗಳಿಗೆ ಈ ತಾಯಿ ಕುಲದೇವತೆ. ಗುಡಿಯ ಮುಂದೆ ಕಲ್ಲು ಕಟ್ಟಿದ ಚೌಕದ ಹರಿದ್ರಾತೀರ್ಥ, ಒಂದೊಂದು ಬದಿಯೂ 360 ಅಡಿ. ಹೊಂಡದ ದಂಡೆಯಲ್ಲಿ ಕಲ್ಲಿನ ದೀಪಮಾಲೆ ಕಂಬಗಳು.

ದೀಪಮಾಲೆ ಕಂಬವನ್ನು ನಾವು ದಿನವೂ ನೋಡಿ ನೋಡಿ ಮರೆತಿದ್ದೇವೆ. ಸ್ವಲ್ಪ ದೂರ ನಿಂತು ಹೊಸಬರಂತೆ ನೋಡಿ. ನೆಲದಲ್ಲಿ ದಪ್ಪ, ಮೇಲಕ್ಕೆ ಹೋದಂತೆ ಸಪೂರ, ಸುತ್ತಲೂ ಸಾಲುಸಾಲಾಗಿ ಹೊರಚಾಚಿದ ಕಲ್ಲಿನ ಕೊಂಬೆಗಳು, ಕೊಂಬೆಗೊಂದು ಪಣತಿ. ಎಣ್ಣೆ ಬತ್ತಿ ಹಾಕಿ ಹಚ್ಚಿದರೆ ಅದು ಕಲ್ಲಿನ ಮರ, ದೀಪದ ಹೂ. ಜರ್ಮನ್ ಪಾದ್ರಿಗಳು ಈ ಸೀಮೆಗೆ ಮೇಣದ ಬತ್ತಿಯ ಮರವನ್ನು ತರುವ ಮೊದಲೇ ಇಲ್ಲಿ ದೀಪದ ಮರ ನಿಂತಿತ್ತು.

ಅದರ ಕೆಳಗಿನ ಪೇಟೆ ಚಿಕ್ಕದಲ್ಲ. ಬನದ ಹುಣ್ಣಿಮೆಯ ದಿನ ತೇರು. ತೇರನ್ನೆಳೆಯುವ ಹಗ್ಗ ಬರುವುದು ನಮ್ಮ ರೋಣ ತಾಲೂಕಿನ ಮಾಡಲಗೇರಿಯಿಂದ, ಹಳಿಬಂಡಿಯ ಮೇಲೆ. ತೇರಿನ ಹಿಂದಿನ ದಿನ ಪಲ್ಲೇದ ಹಬ್ಬ. ಅಂದು ದೇವಿಗೆ 108 ಬಗೆಯ ಕಾಯಿಪಲ್ಯದ ನೈವೇದ್ಯ. ತೇರಾದ ಮೇಲೂ ಜಾತ್ರೆ ತಿಂಗಳೊಪ್ಪತ್ತು ನಡೆಯುತ್ತದೆ. ಬಾಗಿಲು ಚೌಕಟ್ಟು, ಎತ್ತು, ಬಳೆ, ಖಣ, ಇಳಕಲ್ಲ ಸೀರೆ, ಬೆಂಡು ಬೆತ್ತಾಸು. ರಾತ್ರಿಯಿಡೀ ನಾಟಕ ಕಂಪನಿಗಳ ಆಟ. ಡ್ರೆಸ್ಡೆನ್ನಿನ ಪೇಟೆಗೆ ಹೋದವನು ಹಬ್ಬದ ರೊಟ್ಟಿ ಕಟ್ಟಿಸಿಕೊಂಡು ಮನೆಗೆ ಬಂದಂತೆ, ಬನಶಂಕರಿಗೆ ಹೋದವನು ಬೆಂಡು ಬೆತ್ತಾಸು ಕಟ್ಟಿಸಿಕೊಂಡು ಬೆಳವಣಕಿಗೆ ಬರುತ್ತಾನೆ.

108 ಕಾಯಿಪಲ್ಯವೇಕೆ? ಬನಶಂಕರಿಗೆ ಶಾಕಾಂಬರಿ ಎಂಬ ಹೆಸರಿದೆ. ನೂರು ವರ್ಷ ಮಳೆ ಹೋಗಿ ಜೀವಗಳು ಕಂಗಾಲಾದಾಗ ತಾಯಿ ತನ್ನ ಮೈಯಿಂದಲೇ ಕಾಯಿಪಲ್ಯಗಳನ್ನು ಹುಟ್ಟಿಸಿ ಲೋಕವನ್ನು ಬದುಕಿಸಿದಳೆಂಬುದು ದೇವೀಮಾಹಾತ್ಮ್ಯದ ಕಥೆ. ಬರದ ಸೀಮೆಯ ಜನಕ್ಕೆ ಇದು ಬರಿಯ ಕಥೆಯಲ್ಲ. ಮಳೆ ಕೈಕೊಟ್ಟರೆ ಏನಾಗುತ್ತದೆಂಬುದನ್ನು ಬಲ್ಲವರು ಕಟ್ಟಿಕೊಂಡ ದೇವಿ ಅವಳು.

ಆ ಬರ ಒಮ್ಮೆ ನಿಜವಾಗಿಯೂ ಬಂತು. 1876ರಿಂದ 1878ರವರೆಗಿನ ಧಾತು, ಈಶ್ವರ ಸಂವತ್ಸರಗಳ ಬರ. ಗುಳೇದಗುಡ್ಡ, ಬಾದಾಮಿಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು. 1872ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಆ ಜಿಲ್ಲೆ ತನ್ನ ಜನರಲ್ಲಿ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚನ್ನು ಕಳೆದುಕೊಂಡಿತು. ಕೆಲವರು ಗುಳೆ ಹೋದರು, ಬಹಳ ಜನ ಸತ್ತರು. ಮೊದಲು ನಿಂತದ್ದು ಮಗ್ಗ. ಹಸಿದ ಊರಿನಲ್ಲಿ ಖಣ ಕೊಳ್ಳುವವರು ಯಾರು? ಗುಡಿಗಳ, ಮಠಗಳ, ಮಿಶನ್ನುಗಳ ಅಂಗಳದಲ್ಲಿ ಜನ ಗಂಜಿಗಾಗಿ ನಿಂತರು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಲ್ಲಿ ಅನೇಕರು ಮಿಶನ್ನಿನ ಆಸರೆಗೆ ಬಂದರು. ಈ ಸೀಮೆಯ ಎಷ್ಟೋ ಕ್ರೈಸ್ತ ಮನೆತನಗಳ ಕಥೆ ಆ ಬರದಿಂದ ಆರಂಭವಾಗುತ್ತದೆ. ಹೊಟ್ಟೆಗಾಗಿ ಮತ ಬಿಟ್ಟರೆಂದು ಹೇಳುವವರಿದ್ದಾರೆ. ಅನ್ನವಿಲ್ಲದ ಮಗುವಿಗೆ ಯಾರು ಅನ್ನ ಕೊಟ್ಟರೋ ಅವರ ಮನೆಯೇ ಮನೆ. ಆ ಮಗುವನ್ನು ಆಡಿಕೊಳ್ಳುವ ಹಕ್ಕು ಅನ್ನ ಕೊಡಲಾರದೆ ಹೋದ ನಮಗಿಲ್ಲ.

ಆ ಬರದ ಪಾಠದಿಂದಲೇ, ಧಾನ್ಯ ಸಾಗಿಸಲು ದಾರಿ ಬೇಕೆಂದು, ಈ ಭಾಗಕ್ಕೆ ರೈಲು ಬಂತು. ದಕ್ಷಿಣ ಮರಾಠಾ ರೇಲ್ವೆ ಕಂಪನಿ 1882ರಲ್ಲಿ ಸ್ಥಾಪನೆಯಾಗಿ, 1884ರಲ್ಲಿ ಗದಗ-ಹೋಟಗಿ ಹಾದಿ ತೆರೆಯಿತು. ರೋಣ ತಾಲೂಕಿನ ಹೊಳೆಆಲೂರು ಅದೇ ಹಾದಿಯ ಮೇಲಿದೆ. ಬೆಟಗೇರಿಯ ಮಿಶನ್ ಠಾಣ್ಯ ಈ ರೈಲಿಗಿಂತ ನಲವತ್ತಮೂರು ವರ್ಷ ಹಿರಿಯದು. 1905ರ ಕಣಗಿನಹಾಳದ ಸಹಕಾರಿ ಸಂಘಕ್ಕಿಂತ ಅರವತ್ತನಾಲ್ಕು ವರ್ಷ ಹಿರಿಯದು. ರೈಲನ್ನೂ ಸಹಕಾರಿ ಸಂಘವನ್ನೂ ನಾವು ಪರಕೀಯವೆನ್ನುವುದಿಲ್ಲ. ಹಾಗಿದ್ದರೆ ಬೆಟಗೇರಿಯ ಕ್ರಿಸ್ಮಸ್ಸನ್ನು ಮಾತ್ರ ಏಕೆ ಅನ್ನಬೇಕು?

ಅದು ನಿಜವಾಗಿ ಇಲ್ಲಿಯದಾಯಿತೇ ಎಂಬ ಪರೀಕ್ಷೆ ಮೊದಲನೆಯ ಮಹಾಯುದ್ಧದಲ್ಲಿ ನಡೆಯಿತು. 1914ರಲ್ಲಿ ಯುದ್ಧ ಹೊತ್ತಿಕೊಂಡಿತು. ಬ್ರಿಟಿಷ್ ಸರಕಾರದ ಕಣ್ಣಿಗೆ ಜರ್ಮನ್ ಪಾದ್ರಿಗಳು ಶತ್ರುದೇಶದವರು. ಅವರನ್ನು ಅಹಮದನಗರ ಮೊದಲಾದ ಕಡೆಯ ಬಂದಿಶಿಬಿರಗಳಿಗೆ ಕಳಿಸಿ, ಅನಂತರ ದೇಶ ಬಿಡಿಸಿದರು. ಮಿಶನ್ನಿನ ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಮರ ತಂದವರು ಹೋದರು. ಮರ ಉಳಿಯಿತೇ? ಉಳಿಯಿತು. ಸಭೆಯನ್ನು ನಡೆಸುವ ಭಾರ ಕನ್ನಡಿಗ ಉಪದೇಶಿಗಳ, ಶಾಲಾಮಾಸ್ತರರ, ಮನೆಯ ಹೆಂಗಸರ ಹೆಗಲ ಮೇಲೆ ಬಿತ್ತು. ಅವರು ಅದನ್ನು ಹೊತ್ತರು. ಅಂದಿನಿಂದ ಈ ಹಬ್ಬವನ್ನು ಜರ್ಮನರ ಹಬ್ಬವೆನ್ನುವುದಕ್ಕೆ ಅರ್ಥವಿಲ್ಲ. ಬೆಟಗೇರಿಯ ಹಳೆಯ ಮಿಶನ್ ಆಸ್ಪತ್ರೆಯನ್ನು ಜನ ಬಹುಕಾಲ ಜರ್ಮನ್ ದವಾಖಾನೆ ಎಂದೇ ಕರೆದರೆಂಬುದು ನಿಜ. ಆದರೆ ಅಲ್ಲಿ ಹುಟ್ಟಿದ ಮಕ್ಕಳು ಕನ್ನಡದಲ್ಲಿಯೇ ಅತ್ತರು.

ದೀಪದ ರೂಪವೂ ಬದಲಾಗುತ್ತ ಬಂತು. 1882ರಲ್ಲಿ ನ್ಯೂಯಾರ್ಕಿನಲ್ಲಿ ಎಡಿಸನ್ನನ ಸಹಕಾರಿ ಎಡ್ವರ್ಡ್ ಜಾನ್ಸನ್ ತನ್ನ ಮನೆಯ ಮರಕ್ಕೆ 80 ಪುಟ್ಟ ವಿದ್ಯುದ್ದೀಪಗಳನ್ನು ಕಟ್ಟಿದ. 1912ರಲ್ಲಿ ಅದೇ ನಗರದ ಮ್ಯಾಡಿಸನ್ ಚೌಕದಲ್ಲಿ, ಮನೆಯಲ್ಲಿ ಮರ ನಿಲ್ಲಿಸಲಾರದ ಬಡವರೂ ನೋಡಲೆಂದು, ಬಯಲಿನಲ್ಲಿಯೇ ದೊಡ್ಡ ಮರಕ್ಕೆ ದೀಪ ಹಚ್ಚಿದರು. ಊರವರೆಲ್ಲ ಕೂಡಿ ಮರಕ್ಕೆ ದೀಪ ಹಚ್ಚುವ ವಾಡಿಕೆ ಹೀಗೆ ಬೆಳೆಯಿತು. ನಮ್ಮಲ್ಲಿ ಈಗ ಡಿಸೆಂಬರಿನಲ್ಲಿ ಹುಬ್ಬಳ್ಳಿ, ಗದುಗಿನ ಪೇಟೆಗಳಲ್ಲಿ ಕಾಗದದ ನಕ್ಷತ್ರಗಳು ತೂಗಾಡುತ್ತವೆ. ಎರಡು ತಿಂಗಳ ಹಿಂದೆ ದೀಪಾವಳಿಗೆ ನೀವು ಮನೆಯ ಮುಂದೆ ಕಟ್ಟಿದ ಆಕಾಶಬುಟ್ಟಿಗೂ ಆ ನಕ್ಷತ್ರಕ್ಕೂ ವ್ಯತ್ಯಾಸವೆಷ್ಟು? ಎರಡಕ್ಕೂ ಬಿದಿರಿನ ಕಡ್ಡಿ ಅಥವಾ ರಟ್ಟು, ಬಣ್ಣದ ಕಾಗದ, ಒಳಗೊಂದು ದೀಪ. ಒಂದು ಹಿರಿಯರಿಗೆ ದಾರಿ ತೋರಿಸುತ್ತದೆಂದು ನಂಬಿದವರುಂಟು. ಇನ್ನೊಂದು ಪೂರ್ವದೇಶದ ಜ್ಞಾನಿಗಳಿಗೆ ದಾರಿ ತೋರಿಸಿದ ನಕ್ಷತ್ರದ ನೆನಪು.

ವಾಚಕರೇ, ಎರಡು ಹಬ್ಬಗಳೂ ಒಂದೇ ಎಂದು ಹೇಳುವುದು ನನ್ನ ಉದ್ದೇಶವಲ್ಲ. ಅವು ಒಂದೇ ಅಲ್ಲ. ಬನಶಂಕರಿಯ ತೇರಿಗೆ ಕೈಮುಗಿಯುವವನ ಭಕ್ತಿ ಬೇರೆ, ಗೋದಲಿಯಲ್ಲಿ ಮಲಗಿದ ಶಿಶುವಿನ ಮುಂದೆ ಹಾಡುವವನ ಭಕ್ತಿ ಬೇರೆ. ಅವರವರ ದೇವರು ಅವರವರಿಗೆ ಇರಲಿ. ನಾನು ಹೇಳಬೇಕೆಂದದ್ದು ಇಷ್ಟೇ: ಬಾದಾಮಿಯ ಹೊಂಡದ ದಂಡೆಯ ಕಲ್ಲಿನ ಕೊಂಬೆಯ ಮೇಲೆ ಪಣತಿ ಇಟ್ಟವನೂ, ಬೆಟಗೇರಿಯ ಅಂಗಳದಲ್ಲಿ ಸರ್ವೆಯ ಕೊಂಬೆಗೆ ಬತ್ತಿ ಹಚ್ಚಿದವನೂ ಒಂದೇ ಚಳಿಯಲ್ಲಿ ನಡುಗಿದವರು, ಒಂದೇ ಬರದಲ್ಲಿ ಹಸಿದವರು, ಒಂದೇ ಮಗ್ಗದ ಮೇಲೆ ದುಡಿದವರ ಮಕ್ಕಳು. ಒಬ್ಬನ ಹಬ್ಬ ಹೊರಗಿನದೆಂದು ಇನ್ನೊಬ್ಬ ಹೇಳಿದರೆ, ತನ್ನ ಊರಿನ ಒಂದು ಮನೆಯ ಬಾಗಿಲನ್ನು ತಾನೇ ಹೊರಗಿನಿಂದ ಇಕ್ಕಿದಂತಾಗುತ್ತದೆ.

ಈ ಚಳಿಗಾಲದಲ್ಲಿ ನಿಮಗೆ ಬಿಡುವಿದ್ದರೆ ಒಂದು ಕೆಲಸ ಮಾಡಿ. ನಾತಾಳ ಸೂಟಿಗೆ ಮಕ್ಕಳು ಮನೆಯಲ್ಲಿರುತ್ತಾರೆ. ಅವರನ್ನು ಕರೆದುಕೊಂಡು ಡಿಸೆಂಬರ್ 24ರ ಸಂಜೆ ಬೆಟಗೇರಿಗೋ ಗುಳೇದಗುಡ್ಡಕ್ಕೋ ಹೋಗಿ, ಆ ಮರವನ್ನು ದೂರದಿಂದಾದರೂ ನೋಡಿ ಬನ್ನಿ. ಅಲ್ಲಿಯವರು ಹೊರಗೆ ನಿಂತವರನ್ನು ಒಳಗೆ ಕರೆಯದೆ ಬಿಡಲಿಕ್ಕಿಲ್ಲ. ಬನದ ಹುಣ್ಣಿಮೆಯ ಹೊತ್ತಿಗೆ ಬನಶಂಕರಿಗೂ ಹೋಗಿ, ದೀಪಮಾಲೆ ಕಂಬದ ಬುಡದಲ್ಲಿ ನಿಂತು ತಲೆಯೆತ್ತಿ ನೋಡಿ. ಬರುವಾಗ ಬೆಂಡು ಬೆತ್ತಾಸು ತರುವುದನ್ನು ಮರೆಯಬೇಡಿ. ನೆರೆಮನೆಗೂ ಒಂದು ಪೊಟ್ಟಣ ಇರಲಿ.